ಸಂಪಾದಕರ ಉತ್ತರ: ಶವದ ಮುಂದೆ ಸಿಟ್ಟು ಬಂತು, ಅದು ಪಾಪವಾ?

ಮುಂಬಯಿ ಪಕ್ಕದ ಮೀರಾ ರೋಡಿನಿಂದ ಓದುಗರೊಬ್ಬರು ಹತ್ತು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಗುರುತು ಸಿಗುವ ವಿವರಗಳನ್ನೂ ಬಿಟ್ಟಿದ್ದೇನೆ. ಕಾಗದದ ಸಾರ ಇಷ್ಟು. ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡವರು ಇವರು. ಗಂಡನ ತಮ್ಮ ಕುಡಿತಕ್ಕೆ ಬಿದ್ದು, ಊರಿನ ಜಾಗದಲ್ಲಿ ಇವರ ಪಾಲನ್ನೂ ಮಾರಿ ತಿಂದ. ತಾಯಿ ಸತ್ತಾಗಲೂ ಬರಲಿಲ್ಲ. ಈ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಲಿವರ್ ಕೆಟ್ಟು ಆಸ್ಪತ್ರೆ ಸೇರಿದ. ಫಾದರ್ ಬಂದರು. ಪಾಪನಿವೇದನೆ ಆಯಿತು, ಎಣ್ಣೆ ಹಚ್ಚಿದರು, ಪರಮಪ್ರಸಾದದ ರೊಟ್ಟಿ ಕೊಟ್ಟರು. ಮೂರನೇ ದಿನ ತೀರಿಕೊಂಡ. ಮಣ್ಣಿನ ದಿನ ಪ್ರಸಂಗದಲ್ಲಿ ಫಾದರ್ ಯೇಸುವಿನ ಪಕ್ಕದ ಶಿಲುಬೆಯ ಮೇಲೆ ಕೊನೆ ಗಳಿಗೆಯಲ್ಲಿ ಕ್ಷಮೆ ಪಡೆದ ಕಳ್ಳನ ಕತೆ ಹೇಳಿ, ಈ ಸಹೋದರ ಇವತ್ತು ದೇವರ ಹತ್ತಿರ ಇದ್ದಾನೆ ಅಂದರು.

ಮುಂದಿನದು ಅವರದೇ ಮಾತು: "ನನಗೆ ಮೈಯೆಲ್ಲ ಉರಿಯಿತು. ಹಾಗಾದರೆ ನಾನು ಇಷ್ಟು ವರ್ಷ ಮಾಡಿದ್ದು ಯಾಕೆ? ಶವದ ಮುಂದೆ ಸಿಟ್ಟು ಬಂದದ್ದು ಪಾಪವಾ? ಅಂದಿನಿಂದ ನಾನು ಪರಮಪ್ರಸಾದ ತೆಗೆದುಕೊಂಡಿಲ್ಲ. ನವೆಂಬರ್ 2ಕ್ಕೆ, ಸತ್ತವರ ಸ್ಮರಣೆಯ ದಿನ, ಅವನ ಗುಂಡಿಗೆ ಮೇಣದಬತ್ತಿ ಇಡಲು ಹೋಗಬೇಕಾ, ಬೇಡವಾ?"

ಅಕ್ಕಾ,

ವಯಸ್ಸಿನಲ್ಲಿ ನೀವು ನನಗಿಂತ ಚಿಕ್ಕವರು. ಆದರೂ ಅಕ್ಕ ಅಂತಲೇ ಬರೆಯುತ್ತೇನೆ. ಹತ್ತು ಪುಟ ಕೈಯಲ್ಲಿ ಬರೆದವರನ್ನು 'ಮಾನ್ಯ ಓದುಗರೇ' ಅನ್ನಲು ಮನಸ್ಸು ಬರುವುದಿಲ್ಲ.

ನಾನು ಫಾದರ್ ಅಲ್ಲ. ದೇವಶಾಸ್ತ್ರ ಓದಿದವನೂ ಅಲ್ಲ. ಪ್ರೂಫ್ ತಿದ್ದಿ ತಿದ್ದಿ ಕಣ್ಣು ಹಾಳು ಮಾಡಿಕೊಂಡವ, ಅಷ್ಟೇ. ನಿಮ್ಮ ಕಾಗದ ಬಂದು ಮೂರು ವಾರ ಆಯಿತು. ಎರಡು ಸಲ ಉತ್ತರ ಬರೆದು ಹರಿದೆ. ಎರಡೂ ಪ್ರಸಂಗದ ಹಾಗೆ ಆಗಿತ್ತು. ಪ್ರಸಂಗ ಕೇಳಿಯೇ ಅಲ್ವಾ ನಿಮಗೆ ಇಷ್ಟೆಲ್ಲ ಆದದ್ದು.

ಸಣ್ಣ ವಿಷಯ ಮೊದಲು ಮುಗಿಸೋಣ. ಬೆಳಗ್ಗಿನ ಲೋಕಲ್‌ನಲ್ಲಿ ಜಪಸರ ಹಿಡಿದರೆ ಅಂಧೇರಿ ಬರುವಷ್ಟರಲ್ಲಿ ನಿದ್ದೆ, ಮಣಿ ಎಲ್ಲಿತ್ತೋ ಅಲ್ಲೇ ಅಂತ ಬರೆದಿದ್ದೀರಿ. ಅದು ಲೆಕ್ಕಕ್ಕೆ ಸಿಗುತ್ತದಾ ಅಂತ ಕೇಳಿದ್ದೀರಿ. ವಿರಾರ್ ಗಾಡಿಯಲ್ಲಿ ಮೀರಾ ರೋಡಿನವರಿಗೆ ಕೂರಲು ಸೀಟು ಸಿಕ್ಕಿತು ಅನ್ನುವುದೇ ನನಗೆ ದೇವರ ಕರುಣೆಗೆ ದೊಡ್ಡ ಸಾಕ್ಷಿ. ಉಳಿದದ್ದಕ್ಕೆ ಫ್ರಾನ್ಸಿನ ಲಿಸಿಯೋದ ಸಂತ ಚಿಕ್ಕ ತೆರೇಸಾ ಸಾಕ್ಷಿ ಕೊಡುತ್ತಾಳೆ. ಅವಳು ಕಾನ್ವೆಂಟಿನೊಳಗೆ ಇದ್ದೂ ಪ್ರಾರ್ಥನೆಯ ಹೊತ್ತಿನಲ್ಲಿ ವರ್ಷಗಟ್ಟಲೆ ತೂಕಡಿಸುತ್ತಿದ್ದಳು. ಮಕ್ಕಳು ಎಚ್ಚರ ಇದ್ದಾಗಲೂ ನಿದ್ದೆ ಮಾಡುವಾಗಲೂ ತಂದೆ ತಾಯಿಗೆ ಒಂದೇ ಪ್ರೀತಿ, ಅದಕ್ಕೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಬರೆದಿಟ್ಟಳು. 1897ರಲ್ಲಿ 24ನೇ ವಯಸ್ಸಿಗೆ ತೀರಿಕೊಂಡಳು. ಸರಿಯಾಗಿ 100 ವರ್ಷದ ಮೇಲೆ, 1997ರಲ್ಲಿ, ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಅವಳನ್ನು ತನ್ನ ಮಹಾಪಂಡಿತರ ಸಾಲಿಗೆ ಸೇರಿಸಿತು. ತೂಕಡಿಸಿದವಳನ್ನು! ನೀವು ನಿದ್ದೆ ಮಾಡಿ.

ಸಿಟ್ಟಿನ ವಿಷಯ. ಭಾವನೆ ತಾನಾಗಿಯೇ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ ಅಂತ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಅದನ್ನು ಹಿಡಿದುಕೊಂಡು ನಾವು ಏನು ಮಾಡುತ್ತೇವೆ ಅನ್ನುವಲ್ಲಿ ಪಾಪ ಪುಣ್ಯ ಶುರುವಾಗುತ್ತದೆ. ನಿಮಗೆ ಸಿಟ್ಟು ಬಂತು. ನೀವು ಏನು ಮಾಡಿದಿರಿ? ಮಣ್ಣಿಗೆ ಬಂದ ಅರವತ್ತು ಜನಕ್ಕೆ ಚಹಾ ಮಾಡಿಸಿದಿರಿ. ಕಾಗದದ ನಾಲ್ಕನೇ ಪುಟದಲ್ಲಿ ನೀವೇ ಬರೆದದ್ದು. ಇದಕ್ಕಾಗಿ ಏಳು ತಿಂಗಳು ಪರಮಪ್ರಸಾದ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಮನಸ್ಸು ಒಪ್ಪದಿದ್ದರೆ ಹೇಗೂ ಬುಧವಾರ ಮಾಹಿಮ್ ಚರ್ಚಿನ ನೊವೇನಾ ಪ್ರಾರ್ಥನೆಗೆ ಹೋಗುತ್ತೀರಲ್ಲ, ಅಲ್ಲಿ ಯಾರಾದರೂ ಫಾದರ್ ಹತ್ತಿರ ಐದು ನಿಮಿಷ ಕೂತು ಹೇಳಿ. ನಿಮ್ಮನ್ನು ಗುರುತಿಸದ ಫಾದರ್ ಹತ್ತಿರ ಹೇಳುವುದು ಸುಲಭ.

ಈಗ ದೊಡ್ಡದಕ್ಕೆ ಬರೋಣ.

ಆ ಪ್ರಸಂಗದ ಬಗ್ಗೆ ನನಗೂ ಒಂದು ತಕರಾರಿದೆ. ಇಂಥವರು ದೇವರ ಹತ್ತಿರ ಇದ್ದಾರೆ ಅಂತ ಧರ್ಮಸಭೆ ಖಚಿತವಾಗಿ ಹೇಳುವುದು ಸಂತರ ಬಗ್ಗೆ ಮಾತ್ರ. ಅದಕ್ಕೂ ಎಷ್ಟೋ ವರ್ಷ ವಿಚಾರಣೆ ನಡೆಯುತ್ತದೆ. ಉಳಿದ ನಮಗೆಲ್ಲ ಮಣ್ಣಿನ ದಿನ ಪೂಜೆ, ಏಳನೇ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ. ಎಲ್ಲ ಮುಗಿದು ಹೋಗಿದ್ದರೆ ಇಷ್ಟು ಪೂಜೆ ಯಾಕೆ? ಊರಿನಲ್ಲಿ ನಮ್ಮ ಅಜ್ಜಿ ಕೊಂಕಣಿಯಲ್ಲಿ ಪುರ್ಗತೊರ್ ಅನ್ನುತ್ತಿದ್ದರು, ಆತ್ಮ ಶುದ್ಧವಾಗುವ ಜಾಗ. ಅಜ್ಜಿಯ ಪ್ರಕಾರ ಅಲ್ಲಿ ಎಲ್ಲರೂ ಸ್ವಲ್ಪ ದಿನ ಕೂರಬೇಕು, ಬಿಷಪರೂ ಕೂರಬೇಕು. ನಿಮ್ಮ ಫಾದರ್ ಮನೆಯವರಿಗೆ ಸಮಾಧಾನ ಆಗಲಿ ಅಂತ ಒಂದು ಮೆಟ್ಟಿಲು ಜಾಸ್ತಿ ಹತ್ತಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಮುಂದಿನ ಬೆಂಚಿನಲ್ಲಿ ನೀವು ಕೂತಿದ್ದೀರಿ ಅಂತ ಅವರಿಗೇನು ಗೊತ್ತು.

ಆದರೆ ನಿಮ್ಮ ಸಿಟ್ಟು ಪ್ರಸಂಗದ ಮೇಲಲ್ಲ. ದೇವರ ಮೇಲೆ. ಕೊನೆ ಗಳಿಗೆಯಲ್ಲಿ ಬಂದವನಿಗೂ ಅಷ್ಟೇ, ಬೆಳಗ್ಗಿನಿಂದ ದುಡಿದವಳಿಗೂ ಅಷ್ಟೇ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಇದೇ ಜಗಳ ಇದೆ. ತೋಟದ ಯಜಮಾನ ಬೆಳಗ್ಗೆ ಕೆಲವರನ್ನು ಕೆಲಸಕ್ಕೆ ಕರೆಯುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗಿ ಇನ್ನೂ ಕೆಲವರನ್ನು ಕರೆಯುತ್ತಾನೆ. ಸಂಜೆ ಐದಕ್ಕೂ ಕರೆಯುತ್ತಾನೆ. ಕತ್ತಲಾದ ಮೇಲೆ ಎಲ್ಲರಿಗೂ ಒಂದೇ ಕೂಲಿ.

ನಾನಿರುವ ಅಂಧೇರಿಯಲ್ಲಿ ಒಂದು ಕೂಲಿ ನಾಕಾ ಇದೆ. ಬೆಳಿಗ್ಗೆ ಹಾಲು ತರಲು ಹೋಗುವಾಗ ನೋಡುತ್ತೇನೆ. ಗೌಂಡಿ, ಪೇಂಟರ್, ಬಿಗಾರಿ ಎಲ್ಲರೂ ಡಬ್ಬಿ ಹಿಡಿದು ನಿಂತಿರುತ್ತಾರೆ. ಗಂಡಸರು ಹೆಂಗಸರು ಇಬ್ಬರೂ. ಅರ್ಧಕ್ಕರ್ಧ ನಮ್ಮವರೇ, ಕಲಬುರಗಿ, ವಿಜಯಪುರ ಕಡೆಯವರು. ಮುಕಾದಮ ಬಂದು ಕೈ ತೋರಿಸಿದವರು ಟೆಂಪೋ ಹತ್ತುತ್ತಾರೆ. ಹತ್ತು ಗಂಟೆ ದಾಟಿದರೆ ಉಳಿದವರ ಮುಖ ನೋಡಲಾಗುವುದಿಲ್ಲ. ಒಂದು ದಿನ ಮಧ್ಯಾಹ್ನ ಅಲ್ಲೇ ಗೋಡೆ ನೆರಳಲ್ಲಿ ಕೂತವನೊಬ್ಬನ ಹತ್ತಿರ ಮಾತಾಡಿದೆ. ಸಿಂದಗಿ ಕಡೆಯವ. "ಇವತ್ತು ಆರಾಮಾ?" ಅಂತ ಸುಮ್ನೆ ಕೇಳಿದೆ. ಕೇಳಬಾರದಿತ್ತು. ಅವನು ನಕ್ಕ. "ಕೆಲ್ಸಾ ಮಾಡಿದ್ರ ಮೈ ನೋಯ್ತದರಿ. ನಿಂತ್ರ ತಲಿ ನೋಯ್ತದ" ಅಂದ.

ಆ ದಿನದಿಂದ ನನಗೆ ತೋಟದ ಯಜಮಾನನ ಈ ಕತೆ ಬೇರೆ ಥರ ಕಾಣುತ್ತದೆ. ಬೆಳಿಗ್ಗೆಯೇ ಕೆಲಸ ಸಿಕ್ಕವನಿಗೆ ಬಿಸಿಲು ನಿಜ, ಬೆವರು ನಿಜ. ಆದರೆ ರಾತ್ರಿ ಮನೆಗೆ ಅಕ್ಕಿ ಉಂಟು ಅಂತ ಏಳು ಗಂಟೆಗೇ ಗೊತ್ತು. ಐದರವರೆಗೆ ನಿಂತವನು ಇಡೀ ದಿನ ಆ ಅಕ್ಕಿಯ ಚಿಂತೆಯನ್ನೇ ಹೊತ್ತಿದ್ದಾನೆ.

ಇಲ್ಲಿ ನೀವು ಏನು ಹೇಳುತ್ತೀರಿ ಅಂತ ನನಗೆ ಗೊತ್ತು. "ಅವನನ್ನು ಯಾರೂ ಕರೆಯಲಿಲ್ಲ ಅಂತ ಅಲ್ಲ ಸ್ವಾಮೀ. ಕರೆದು ಕರೆದು ಸಾಕಾಯಿತು. ಅವನೇ ಬರಲಿಲ್ಲ." ಹೌದು. ಅಲ್ಲಿಗೆ ನನ್ನ ನಾಕಾ ಕುಂಟುತ್ತದೆ. ಒಪ್ಪಿದೆ.

ಮತ್ತೆ ಚಿಕ್ಕ ತೆರೇಸಾಳನ್ನೇ ಕರೆಯುತ್ತೇನೆ. 1887ರಲ್ಲಿ ಪ್ಯಾರಿಸ್‌ನಲ್ಲಿ ಪ್ರಾಂಜಿನಿ ಅನ್ನುವವನು ಮೂರು ಜನರನ್ನು ಕೊಂದ. ಇಬ್ಬರು ಹೆಂಗಸರು, ಒಂದು ಹುಡುಗಿ. ಮರಣದಂಡನೆ ಆಯಿತು. ಪಶ್ಚಾತ್ತಾಪದ ಸುಳಿವೇ ಇಲ್ಲ ಅಂತ ಊರೆಲ್ಲ ಮಾತು. ಆಗ ತೆರೇಸಾಗೆ 14 ವರ್ಷ. ಅವನಿಗಾಗಿ ಪ್ರಾರ್ಥನೆ ಶುರು ಮಾಡಿದಳು, ಪೂಜೆ ಹೇಳಿಸಿದಳು, ಒಂದು ಗುರುತು ತೋರಿಸು ದೇವರೇ ಅಂತ ಕೇಳಿದಳು. ಮನೆಯಲ್ಲಿ ಪೇಪರ್ ಓದಬೇಡ ಅಂತ ಅಪ್ಪ ಹೇಳಿದ್ದರೂ ಮರುದಿನ ಪೇಪರ್ ತೆಗೆದು ನೋಡಿದಳು. ತಲೆ ಕಡಿಯುವ ಮುಂಚೆ ಆ ಮನುಷ್ಯ ಫಾದರ್ ಕೈಯ ಶಿಲುಬೆಗೆ ಮೂರು ಸಲ ಮುತ್ತಿಟ್ಟ ಅಂತ ಅದರಲ್ಲಿತ್ತು. ತೆರೇಸಾ ಅತ್ತಳು. ಅವನನ್ನು ತನ್ನ ಮೊದಲ ಮಗು ಅಂದಳು.

ಓದಲು ಚೆಂದ. ಆದರೆ ನಾನು ಯಾವಾಗಲೂ ಯೋಚಿಸುವುದು ಬೇರೆ. ಸತ್ತ ಆ ಮೂವರ ಮನೆಯವರು ಅದೇ ಪೇಪರ್ ಓದಿ ಏನಂದಿರಬಹುದು? ತೆರೇಸಾಗೆ ಪ್ರಾಂಜಿನಿ ದೂರದ ಸುದ್ದಿ. ಅವನು ಅವಳ ಜಾಗ ಮಾರಿರಲಿಲ್ಲ. ಅವಳ ಅತ್ತೆಯ ಹಾಸಿಗೆ ಬದಲಿಸಲು ಒಂದು ದಿನವಾದರೂ ಬಾ ಅಂತ ಅವಳು ಅವನಿಗೆ ಫೋನ್ ಮಾಡಿರಲಿಲ್ಲ. ದೂರದವನಿಗೆ ಕರುಣೆ ಕೇಳುವುದು ನಮಗೆಲ್ಲ ಬರುತ್ತದೆ. ಮನೆಯವನಿಗೆ ಸಿಕ್ಕಿದಾಗ ಹೊಟ್ಟೆ ಉರಿಯುತ್ತದೆ.

ಇಲ್ಲಿ ಒಂದು ವಿಷಯ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಮನೆಯ ಹಾಲ್‌ನಲ್ಲಿ ದೈವಿಕ ಕರುಣೆಯ ಪಟ ಇದೆ ಅಂತ ಬರೆದಿದ್ದೀರಿ. ಆಫೀಸಿನಲ್ಲಿ ಮಧ್ಯಾಹ್ನ ಮೂರಕ್ಕೆ ಕಂಪ್ಯೂಟರ್ ಮುಂದೆ ಕಣ್ಣು ಮುಚ್ಚಿ ಕರುಣೆಯ ಜಪಸರ ಹೇಳುತ್ತೀರಿ, ಪಕ್ಕದ ಟೇಬಲ್‌ನವರು ನಿಮಗೆ ತಲೆನೋವು ಅಂದುಕೊಂಡಿದ್ದಾರೆ. ಪೋಲೆಂಡಿನ ಸಂತ ಫೌಸ್ತಿನಾ ಕಲಿಸಿದ ಜಪ ಅದು. ಮೂರು ವರ್ಷವೂ ಸರಿಯಾಗಿ ಶಾಲೆಗೆ ಹೋಗದ ಹೆಂಗಸು. ಕಾನ್ವೆಂಟಿನಲ್ಲಿ ಅಡುಗೆ, ತೋಟ, ಬಾಗಿಲು ಕಾಯುವ ಕೆಲಸ ಮಾಡಿಕೊಂಡಿದ್ದು 1938ರಲ್ಲಿ 33ನೇ ವಯಸ್ಸಿಗೆ ತೀರಿಕೊಂಡಳು. 2000ದಲ್ಲಿ ಸಂತ ಪದವಿ. ಆ ಜಪದಲ್ಲಿ ಸಣ್ಣ ಮಣಿಗೆ ನಾವು ಏನು ಹೇಳುತ್ತೇವೆ? ನಮ್ಮ ಮೇಲೂ ಇಡೀ ಲೋಕದ ಮೇಲೂ ಕರುಣೆ ಇಡು ಅಂತ. ಹತ್ತರಂತೆ ಐದು ಸಲ, ದಿನಕ್ಕೆ 50 ಬಾರಿ. ಅದರಲ್ಲೂ ಸಾಯುತ್ತಿರುವವರಿಗಾಗಿ ಇದನ್ನು ಹೇಳಬೇಕು ಅಂತ ಫೌಸ್ತಿನಾ ಒತ್ತಿ ಹೇಳಿದ್ದಾಳೆ. ಎಂಟು ವರ್ಷದಿಂದ ಹೇಳುತ್ತಿದ್ದೇನೆ ಅಂತ ನಿಮ್ಮ ಲೆಕ್ಕ. ಲಕ್ಷ ದಾಟಿತು, ಅಕ್ಕಾ. ಇಡೀ ಲೋಕ ಅನ್ನುವಾಗ ಒಬ್ಬನನ್ನು ಬಿಟ್ಟು ಅಂತ ನೀವು ಒಂದು ಸಲವೂ ಹೇಳಿರಲಿಕ್ಕಿಲ್ಲ. ಕೇಳಿದ್ದು ನೀವು. ಸಿಕ್ಕಿದ್ದು ಅವನಿಗೆ. ಅರ್ಜಿ ನಿಮ್ಮದು ಅಂತ ಆ ದಿನ ಪ್ರಸಂಗದಲ್ಲಿ ಯಾರೂ ಹೇಳಲಿಲ್ಲ, ಅಷ್ಟೇ.

ನನ್ನದೇ ಒಂದು ಹೊಟ್ಟೆ ಉರಿ ಹೇಳುತ್ತೇನೆ. ಹದಿನಾಲ್ಕನೇ ವಯಸ್ಸಿಗೆ ನಾನು ಊರು ಬಿಟ್ಟು ಬಂದವ. ಫೋರ್ಟಿನಲ್ಲಿ ನಮ್ಮೂರ ಶೆಟ್ಟರೊಬ್ಬರ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ. ಸಂಜೆ ಆರೂವರೆಗೆ ಕನ್ನಡ ರಾತ್ರಿ ಹೈಸ್ಕೂಲು. ಆಗ ಹೋಟೆಲ್ ಹುಡುಗರು ಎಷ್ಟೋ ಮಂದಿ ಹಾಗೆಯೇ ಮೆಟ್ರಿಕ್ ಮಾಡಿದವರು. ಶಾಲೆ ಬಿಟ್ಟು ಬರುವಾಗ ಹತ್ತು ಗಂಟೆ. ಹೋಟೆಲ್ ಬಾಗಿಲು ಅರ್ಧ ಎಳೆದಿರುತ್ತಿತ್ತು. ಅಡುಗೆ ಭಟ್ಟರು ಕುಂದಾಪುರ ಕಡೆಯವರು. ನನಗೆ ಅಂತ ಒಂದು ತಟ್ಟೆ ಅನ್ನ, ಸಾರು, ಉಳಿದಿದ್ದರೆ ಒಂದು ತುಂಡು ಹಪ್ಪಳ ಮುಚ್ಚಿಡುತ್ತಿದ್ದರು. ಮೇಲೆ ಕವುಚಿದ ಅಲ್ಯುಮಿನಿಯಂ ತಟ್ಟೆ, ಅದರ ಮೇಲೆ ಬೆಕ್ಕು ಬರಬಾರದು ಅಂತ ರುಬ್ಬುವ ಗುಂಡು.

ನನ್ನ ಜೊತೆ ಇನ್ನೊಬ್ಬ ಇದ್ದ. ಅವನೂ ಶಾಲೆಗೆ ಅಂತಲೇ ಹೊರಡುತ್ತಿದ್ದ. ಹೋಗುತ್ತಿದ್ದದ್ದು ಸಿನಿಮಾಕ್ಕೆ. ಟಿಕೆಟಿಗೆ ದುಡ್ಡಿಲ್ಲದ ದಿನ ಸಮುದ್ರದ ದಂಡೆಯಲ್ಲಿ ಗಾಳಿ ಕುಡಿದು ಬರುತ್ತಿದ್ದ. ಅವನಿಗೂ ಮುಚ್ಚಿದ ತಟ್ಟೆ. ಅದೇ ಅನ್ನ, ಅದೇ ಸಾರು. ಒಂದು ರಾತ್ರಿ ಅವನ ತಟ್ಟೆಯಲ್ಲಿ ಹಪ್ಪಳ ಇತ್ತು, ನನ್ನದರಲ್ಲಿ ಇರಲಿಲ್ಲ. ನನಗೆ ತಡೆಯಲಿಲ್ಲ. ಭಟ್ಟರ ಹತ್ತಿರ ಹೋಗಿ ಹೇಳಿಬಿಟ್ಟೆ. ಅವ ಶಾಲೆಗೆ ಹೋಗುವುದೇ ಇಲ್ಲ, ನಾನು ಹೋಗಿ ಬರುವವ ಅಂತ.

ಭಟ್ಟರು ಒಲೆ ಒರೆಸುತ್ತಿದ್ದರು. ತಿರುಗಲೂ ಇಲ್ಲ. "ಗೊತ್ತುಂಟು ಮಾರಾಯ" ಅಂದರು. "ನಾನು ತಟ್ಟೆ ಇಡುವುದು ಶಾಲೆಗೆ ಹೋದದ್ದಕ್ಕಾ? ಹಸಿದು ಬರ್ತೀರಿ ಅಂತ ಇಡುವುದು."

ಅವತ್ತು ನನಗೆ ಆ ಮಾತು ಚೂರೂ ಹಿಡಿಸಲಿಲ್ಲ. ಈಗ ಕೂಡ ಪೂರ್ತಿ ಹಿಡಿಸಿದೆ ಅಂತ ಸುಳ್ಳು ಹೇಳುವುದಿಲ್ಲ. ಆದರೆ ಒಂದಂತೂ ನಿಜ. ಅವನಿಗೆ ತಟ್ಟೆ ಇಟ್ಟರು ಅಂತ ನನ್ನ ತಟ್ಟೆಯ ಅನ್ನ ಒಂದು ತುತ್ತೂ ಕಡಿಮೆಯಾಗಿರಲಿಲ್ಲ. ಹಪ್ಪಳದ ಮಾತು ಬಿಡಿ. ಮತ್ತೆ, ಮೆಟ್ರಿಕ್ ಪಾಸಾದದ್ದು ನಾನು. ಶಾಲೆಗೆ ಹೋದದ್ದರ ಫಲ ಶಾಲೆಯಲ್ಲೇ ಸಿಕ್ಕಿತು. ನಾನು ಅದನ್ನು ಭಟ್ಟರ ತಟ್ಟೆಯಲ್ಲಿ ಹುಡುಕಿದ್ದೆ. ನಿಮ್ಮ ಅತ್ತೆ ಕೊನೆಯ ವರ್ಷ ಮಾತು ನಿಂತ ಮೇಲೂ ನಿಮ್ಮ ಬೆರಳು ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದರು ಅಂತ ಬರೆದಿದ್ದೀರಲ್ಲ. ಆ ಬೆರಳು ನಿಮ್ಮ ಮೈದುನನಿಗೆ ಸಿಗಲಿಲ್ಲ. ಎಷ್ಟು ಕರುಣೆ ಸಿಕ್ಕಿದರೂ ಇನ್ನು ಸಿಗುವುದಿಲ್ಲ.

ಮೈದುನ ಅಂದೆ ನೋಡಿ. ಪ್ರೂಫ್ ನೋಡುವವರ ಕೆಟ್ಟ ಚಾಳಿ, ಕಾಗದದಲ್ಲಿ ಪದ ಎಣಿಸಿದೆ. 'ಆ ಮನುಷ್ಯ' ಅಂತ ಆರು ಕಡೆ ಇದೆ. 'ಅತ್ತೆಯ ಚಿಕ್ಕ ಮಗ' ಅಂತ ಎರಡು ಕಡೆ. 'ಮೈದುನ' ಒಂದು ಕಡೆಯೂ ಇಲ್ಲ. ಲೂಕನ 15ನೇ ಅಧ್ಯಾಯದ ಅಣ್ಣನೂ ಹೀಗೆಯೇ ಮಾತಾಡಿದ್ದು. ಪಾಲು ತೆಗೆದುಕೊಂಡು ಹೋಗಿ ಹಾಳು ಮಾಡಿ ಮರಳಿದ ತಮ್ಮನಿಗೆ ಅಪ್ಪ ಹಬ್ಬ ಮಾಡಿದ್ದ. ಹೊಲದಿಂದ ಬಂದ, ಮನೆಯಲ್ಲಿ ಹಾಡು ಕುಣಿತ ಕೇಳಿದ, ಒಳಗೆ ಬರುವುದಿಲ್ಲ ಅಂತ ಅಂಗಳದಲ್ಲೇ ನಿಂತ. ಅಪ್ಪನಿಗೆ 'ನಿನ್ನ ಈ ಮಗ' ಅಂದ, 'ನನ್ನ ತಮ್ಮ' ಅನ್ನಲಿಲ್ಲ. ನನಗೆ ಒಂದು ಆಡಿನ ಮರಿಯನ್ನಾದರೂ ಕೊಟ್ಟಿದ್ದೀಯಾ ಅಂತ ಕೇಳಿದ. ಅಪ್ಪ ಬೈಯಲಿಲ್ಲ. ಹಬ್ಬ ಬಿಟ್ಟು ಹೊರಗೆ ಬಂದು ಅವನನ್ನು ಒಳಗೆ ಕರೆದ. ಎಲ್ಲರೂ ಚಿಕ್ಕವನ ಹತ್ತಿರ ಓಡಿದ ಅಪ್ಪನನ್ನು ನೆನಪಿಡುತ್ತಾರೆ. ಅದೇ ಅಪ್ಪ ಅದೇ ದಿನ ಎರಡನೇ ಸಲ ಮನೆಯಿಂದ ಹೊರಗೆ ಬಂದ, ದೊಡ್ಡವನಿಗಾಗಿ. 'ನಿನ್ನ ಈ ತಮ್ಮ' ಅಂತ ಮೆಲ್ಲ ತಿದ್ದಿದ. ಅಣ್ಣ ಒಳಗೆ ಹೋದನಾ? ಯೇಸುಸ್ವಾಮಿ ಹೇಳಲಿಲ್ಲ. ಅಲ್ಲಿಗೇ ಬಿಟ್ಟಿದ್ದಾರೆ.

ಜಾಗದ ವಿಷಯಕ್ಕೆ ಒಂದು ಮಾತು. ಕ್ಷಮೆ ಸಿಕ್ಕಿತು ಅಂದರೆ ಲೆಕ್ಕ ಚುಕ್ತಾ ಅಂತ ಅಲ್ಲ. ಧರ್ಮೋಪದೇಶ ಗ್ರಂಥದ 1459ನೇ ಪರಿಚ್ಛೇದ ತೆಗೆದು ನೋಡಿ. ಪಾಪನಿವೇದನೆಯಲ್ಲಿ ಪಾಪ ಹೋಗುತ್ತದೆ, ಪಾಪದಿಂದ ಆದ ಹಾನಿ ತಾನಾಗಿ ಸರಿಯಾಗುವುದಿಲ್ಲ ಅಂತ ಅಲ್ಲಿದೆ. ಕದ್ದದ್ದನ್ನು ವಾಪಸ್ ಕೊಡುವ ಉದಾಹರಣೆಯೂ ಇದೆ. ನಿಮ್ಮ ಪಾಲಿನ ಕಾಗದಪತ್ರ ಏನಾಯಿತು ಅಂತ ಊರಿನಲ್ಲಿ ವಕೀಲರನ್ನು ಕೇಳುವುದರಿಂದ ಸತ್ತವರಿಗೆ ಅವಮಾನವೂ ಇಲ್ಲ, ನಿಮಗೆ ಪಾಪವೂ ಇಲ್ಲ. ಗಂಡ ಬೇಡ ಅನ್ನುತ್ತಾರೆ ಅಂತ ಬರೆದಿದ್ದೀರಿ. ಅದು ನಿಮ್ಮಿಬ್ಬರ ಮಾತು, ನಾನು ಬಾಯಿ ಹಾಕುವುದಿಲ್ಲ.

ನವೆಂಬರ್ 2ಕ್ಕೆ ಹೋಗಬೇಕಾ? ಹೋಗಲೇಬೇಕು ಅಂತ ಧರ್ಮಸಭೆಯ ಕಟ್ಟಳೆ ಇಲ್ಲ. ನನ್ನನ್ನು ಕೇಳಿದರೆ, ಹೇಗೂ ಅತ್ತೆಗೆ ದೀಪ ಇಡಲು ಹೋಗುತ್ತೀರಿ. ಅತ್ತೆಯ ಎಲುಬು ಈಗ ಗೋಡೆಯ ಗೂಡಿನಲ್ಲಿ, ಅವನ ಗುಂಡಿ ಎದುರು ಸಾಲಿನಲ್ಲಿ. ಮುಂಬಯಿಯಲ್ಲಿ ಸತ್ತವರಿಗೂ ಜಾಗದ ತೊಂದರೆ. ಕೆಲವು ವರ್ಷ ಆದ ಮೇಲೆ ಅವನನ್ನೂ ತೆಗೆದು ಅದೇ ಗೋಡೆಗೆ ತರುತ್ತಾರೆ, ತಾಯಿಯ ಹತ್ತಿರವೇ ಇಡಬಹುದು. ನಿಮಗೆ ಮನಸ್ಸಿದ್ದರೆ ಅತ್ತೆಯ ಪಾಲಿನಿಂದ ಒಂದು ಬತ್ತಿ ಆ ಕಡೆ ಇಡಿ. ನಿಮ್ಮ ಹೆಸರಲ್ಲಿ ಬೇಡ. ಅವರು ಬದುಕಿದ್ದರೆ ಇಡುತ್ತಿದ್ದರು ಅಲ್ವಾ? ಸಂಜೆ ಗಾಳಿ ಇರುತ್ತದೆ, ಬೆಂಕಿಪೆಟ್ಟಿಗೆ ಎರಡು ತೆಗೆದುಕೊಂಡು ಹೋಗಿ.

ಕೊನೆಗೆ, ನೀವು ಹತ್ತನೇ ಪುಟದ ಅಂಚಿನಲ್ಲಿ ಬರೆದದ್ದು: "ಅವನ ವಿಳಾಸಕ್ಕೆ ಹೋಗುವ ಪತ್ರಿಕೆ ನಿಲ್ಲಿಸಿ." ನಮ್ಮ ಆಫೀಸಿನ ಹುಡುಗಿ ರಿಜಿಸ್ಟರ್ ತೆಗೆದಳು. ನಿಮ್ಮ ಚಂದಾ, ಅವನ ಚಂದಾ, ಎರಡೂ ಆರು ವರ್ಷದಿಂದ ಒಂದೇ ಚೆಕ್‌ನಲ್ಲಿ ಬಂದಿದೆ. ಸಹಿ ನಿಮ್ಮದು. ಜಾಗ ಮಾರಿದ ವರ್ಷವೂ ಬಂದಿದೆ. ಅತ್ತೆ ತೀರಿಕೊಂಡ ವರ್ಷವೂ. ಇದನ್ನು ನೀವು ಕಾಗದದಲ್ಲಿ ಬರೆದಿರಲಿಲ್ಲ.

ಚಂದಾ ಮಾರ್ಚ್‌ವರೆಗೆ ಇದೆ. ಇನ್ನು ನಾಲ್ಕು ಸಂಚಿಕೆ ಬಾಕಿ. ದುಡ್ಡು ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಯಾರ ಹೆಸರಿಗೆ ಕಳಿಸಬೇಕು ಅಂತ ಒಂದು ಕಾರ್ಡ್ ಹಾಕಿ.